ಬ್ಯಾಗಿನಲ್ಲಿ ಟೇಪು ಇಟ್ಟಿದ್ದೇನೆ

ಪುಟ್ಟಿ,

ಬಟ್ಟೆ ಬ್ಯಾಗಿನ ಪಕ್ಕದ ಜೇಬಿನಲ್ಲಿ 15 ಮೀಟರಿನ ಅಳತೆ ಟೇಪು, ಒಂದು ನೈಲ್ ಕಟರ್ ಇದೆ. ಗುರುವಾರ ಹೋಬಳಿ ಮಟ್ಟದ ಕಬಡ್ಡಿಗೆ ಹಾಸ್ಟೆಲಿನಿಂದ ಹೊರಡುವಾಗ ಎರಡನ್ನೂ ಮರೆಯಬೇಡ. ಸೋತು ಬರುವಾಗ ಬಸ್ಸಿನಲ್ಲಿ ಅಂಪೈರಿಗೆ ಬೈಯುವ ಬೈಗುಳದಲ್ಲಿ ಅರ್ಧದಷ್ಟು, ಬೆಳಿಗ್ಗೆ ಟಾಸ್ ಹಾಕುವ ಮೊದಲೇ ತೀರಿಸಿಕೊಳ್ಳಬಹುದಾಗಿದ್ದ ಲೆಕ್ಕ. ಈ ಸಲ ಕ್ಯಾಪ್ಟನ್ ನೀನು. ಅದಕ್ಕೇ ಇಷ್ಟುದ್ದ ಕಾಗದ.

ಮೊದಲು ಗೆರೆ ನೋಡು. ಹುಡುಗಿಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಎರಡೂ ಪಕ್ಕದ ಒಂದೊಂದು ಮೀಟರಿನ ಪಟ್ಟಿ, ಅಂದರೆ ಲಾಬಿಯೂ ಆ 8ರಲ್ಲೇ ಬಂತು. ಹುಡುಗರದ್ದು 13ಕ್ಕೆ 10. ಮೈದಾನ ಒಂದೇ ಇರುವ ಕಡೆ ಹುಡುಗರ ಆಟ ಮುಗಿಸಿ ಅದೇ ಅಂಕಣಕ್ಕೆ ನಿಮ್ಮನ್ನು ಇಳಿಸುತ್ತಾರೆ, ಇಲ್ಲವೇ ಹಳೆ ಗೆರೆ ಹಾಗೇ ಬಿಟ್ಟು ಒಳಗೊಂದು ಹೊಸ ಗೆರೆ ಎಳೆಯುತ್ತಾರೆ. ಜೋಡಿ ಗೆರೆ ಇದ್ದ ಕಡೆ ಯಾವುದು ಲಾಬಿ, ಯಾವುದು ಹೊರಗೆ ಅನ್ನುವುದು ಓಡುತ್ತಾ ನೋಡುವ ಅಂಪೈರಿಗೂ ತಿಳಿಯುವುದಿಲ್ಲ. ಒಂದು ಕೊಡ ನೀರು ಹೊಯ್ದು ಕಾಲಲ್ಲಿ ಉಜ್ಜಿದರೆ ಹಳೆ ಗೆರೆ ಹೋಗುತ್ತದೆ, ಯಾರೂ ಮಾಡುವುದಿಲ್ಲ ಅಷ್ಟೆ.

ಮೂಲೆ ಸರಿಯಿದೆಯೋ ಇಲ್ಲವೋ ನೋಡುವುದು ಸುಲಭ. ನಿಮ್ಮ ಅರ್ಧ ಅಂಕಣ 6ಕ್ಕೆ 8. ನಡುಗೆರೆಯ ಒಂದು ತುದಿಯಿಂದ ಎದುರಿನ ಮೂಲೆಗೆ ಓರೆಯಾಗಿ ಟೇಪು ಹಿಡಿದರೆ ಸರಿಯಾಗಿ 10 ಮೀಟರ್ ಬರಬೇಕು. ಇನ್ನೊಂದು ಓರೆಯೂ ಅಷ್ಟೇ. ಒಂದು 9.80, ಇನ್ನೊಂದು 10.20 ಬಂದರೆ ಅಂಕಣ ವಾರೆಯಾಗಿದೆ. ಆಮೇಲೆ ಬೋನಸ್ ಲೈನ್, ಎದುರಾಳಿಗಳ ಅಂಕಣಕ್ಕೆ ನುಗ್ಗುವ ರೈಡರ್ ದಾಟಿದರೆ ಹೆಚ್ಚಿನ ಒಂದು ಪಾಯಿಂಟ್ ತರುವ ಗೆರೆ. ನಡುಗೆರೆಯಿಂದ, ರೈಡರ್ ದಾಟಲೇಬೇಕಾದ ಬಾಕ್ ಲೈನ್ 3 ಮೀಟರ್, ಅಲ್ಲಿಂದ ಬೋನಸ್ ಲೈನ್ 1 ಮೀಟರ್, ಒಟ್ಟು 4. ಹುಡುಗರಿಗೆ ಬಾಕ್ ಲೈನೇ 3.75ಕ್ಕೆ ಇರುತ್ತದೆ, ಬೋನಸ್ 4.75ಕ್ಕೆ. ಆ ಅಳತೆಯನ್ನೇ ನಿಮ್ಮ ಅಂಕಣಕ್ಕೂ ಹಾಕಿದರೆ ಮುಕ್ಕಾಲು ಮೀಟರ್ ಹಿಂದೆ ಸರಿದ ಗೆರೆಗೆ ಯಾರ ಕಾಲೂ ಎಟುಕುವುದಿಲ್ಲ. ಇಡೀ ಆಟದಲ್ಲಿ ಒಂದೂ ಬೋನಸ್ ಬರುವುದಿಲ್ಲ. ಸುತ್ತ ನಿಂತವರು ‘ಅಂಪೈರ್ ಬೋನಸ್ಸೇ ಕೊಡ್ತಿಲ್ಲ’ ಅಂತ ಗಲಾಟೆ ಶುರು ಮಾಡುತ್ತಾರೆ. ತಪ್ಪು ಅಂಪೈರಿನದ್ದಲ್ಲ, ಬೆಳಿಗ್ಗೆ ಹಗ್ಗ ಹಿಡಿದವರದ್ದು.

ಗೆರೆಯ ದಪ್ಪ 5 ಸೆಂಟಿಮೀಟರ್ ದಾಟಬಾರದು. ಪುಡಿಯ ಗೆರೆ ಎರಡು ಆಟ ಮುಗಿಯುವಷ್ಟರಲ್ಲಿ ತುಳಿತಕ್ಕೆ ಸಿಕ್ಕಿ ಗೇಣುದ್ದ ಹರಡಿಕೊಳ್ಳುತ್ತದೆ. ಗೆರೆ ಅಂಕಣದ ಭಾಗ, ಗೆರೆ ತುಳಿದರೆ ಔಟ್ ಅಲ್ಲ. ಹಾಗಾಗಿ ಗೆರೆ ಹರಡಿದಷ್ಟೂ ಜಗಳ ಹರಡುತ್ತದೆ. ಪ್ರತಿ ಆಟಕ್ಕೆ ಮುಂಚೆ ಗುಡಿಸಿ ಹೊಸದಾಗಿ ಎಳೆಯಲು ಕೇಳಬೇಕು. ಹಾಕುವುದು ಸೀಮೆಸುಣ್ಣದ ಪುಡಿಯೇ ಇರಲಿ. ಅರಳಿಸದ ಸುಣ್ಣವಾದರೆ ಬೆವರಿಗೆ ತಾಗಿ ಮೈ ಸುಡುತ್ತದೆ, ಕಣ್ಣಿಗೆ ಬಿದ್ದರಂತೂ ಆಸ್ಪತ್ರೆಗೇ ಓಡಬೇಕು.

ಟೇಪು ಹಿಡಿದು ನೀನೇ ಅಂಕಣಕ್ಕೆ ಇಳಿಯಬೇಡ, ಅಧಿಕಪ್ರಸಂಗಿ ಅನ್ನಿಸಿಕೊಳ್ಳುತ್ತೀಯ. ನಿಮ್ಮ ಪಿ.ಇ. ಮೇಷ್ಟ್ರ ಕೈಗೆ ಕೊಡು. ನೈಲ್ ಕಟರ್ ಮಾತ್ರ ನಿನ್ನ ಜವಾಬ್ದಾರಿ: ಹನ್ನೆರಡು ಜನರ ಉಗುರು, ಬಳೆ, ಓಲೆ, ಗೆಜ್ಜೆ, ಕೈಕಾಲಿಗೆ ಹಚ್ಚಿದ ಎಣ್ಣೆ, ಎಲ್ಲ ಹಿಂದಿನ ರಾತ್ರಿಯೇ ನೋಡಿಬಿಡು.

ಟಾಸ್ ಹೊತ್ತಿನಲ್ಲಿ ನಾಲ್ಕು ವಿಷಯ ಕೇಳು. ಒಂದು, ಅರ್ಧಕ್ಕೆ ಎಷ್ಟು ನಿಮಿಷ? ನಿಯಮದ ಪ್ರಕಾರ ಹುಡುಗಿಯರಿಗೆ 15, ಮಧ್ಯೆ 5 ನಿಮಿಷ ಬಿಡುವು. ಒಂದೇ ದಿನದಲ್ಲಿ ಎಲ್ಲ ಮುಗಿಸಬೇಕಾದಾಗ ಮೊಟಕು ಮಾಡುವುದುಂಟು. ಎರಡು, ಟಿವಿಯಲ್ಲಿ ನೋಡುವ, ಎರಡು ರೈಡು ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು ಅನ್ನುವ ‘ಡೂ ಆರ್ ಡೈ’ ಇಲ್ಲಿ ಇದೆಯಾ? ಮೂರು, ಲಾಬಿ. ಟಚ್ ಆಗದೆ ರೈಡರ್ ಲಾಬಿಗೆ ಕಾಲಿಟ್ಟರೆ ಅವಳು ಔಟ್ ಅನ್ನುವುದು ಎಲ್ಲರಿಗೂ ಗೊತ್ತು. ಅವಳ ಹಿಂದೆಯೇ ಹಿಡಿಯಲು ನುಗ್ಗಿದ ನಾಲ್ವರೂ ಲಾಬಿಗೆ ಬಂದರೆ?

ಇದು ಸಣ್ಣ ಪ್ರಶ್ನೆ ಅಂದುಕೊಳ್ಳಬೇಡ. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಗಂಡಸರ ಫೈನಲ್ ನಿಂತದ್ದೇ ಇದರ ಮೇಲೆ. ಭಾರತ–ಇರಾನ್ 28–28 ಸಮ, ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಹೋದರು, ಇರಾನಿನವರು ಬೆನ್ನಟ್ಟಿ ಬಂದರು. ಹಳೆ ನಿಯಮದಲ್ಲಿ ಬಂದವರೆಲ್ಲ ಔಟ್, ಹೊಸ ನಿಯಮದಲ್ಲಿ ರೈಡರ್ ಒಬ್ಬರೇ. ಎರಡೂ ತಂಡ ಅಂಕಣದಲ್ಲೇ ಕೂತು, ಸುಮಾರು ಒಂದು ಗಂಟೆ ಆಟ ನಿಂತು, ಕೊನೆಗೆ ಭಾರತ 33–29ರಲ್ಲಿ ಗೆದ್ದಿತು. ಕ್ಯಾಮೆರಾ, ಮಾನಿಟರ್ ಎಲ್ಲ ಇದ್ದ ಕಡೆಯ ಪಾಡು ಅದು. ಏನಾಯಿತು ಅನ್ನುವುದು ಪ್ರತಿಯೊಬ್ಬರಿಗೂ ಕಂಡಿತ್ತು; ಯಾವ ನಿಯಮ ಅನ್ನುವುದಷ್ಟೇ ತಕರಾರು. ಅದಕ್ಕೇ ಟಾಸ್‌ನಲ್ಲೇ ಕೇಳು ಅಂದದ್ದು.

ನಾಲ್ಕನೆಯದನ್ನು ಮೇಷ್ಟ್ರು ಕೇಳಲಿ, ನೀನು ಬೇಡ: ಅಂಪೈರ್‌ಗಳು ಯಾವ ಶಾಲೆಯವರು? ಹೋಬಳಿ ಮಟ್ಟದಲ್ಲಿ ವಿಶಲ್ ಹಿಡಿಯುವವರು ಅದೇ ಹೋಬಳಿಯ ಪಿ.ಇ. ಮೇಷ್ಟ್ರುಗಳೇ. ತಮ್ಮ ಶಾಲೆಯ ಆಟಕ್ಕೆ ತಾವು ನಿಲ್ಲದಿರುವುದು ಮರ್ಯಾದೆ. ಜನ ಸಾಲದೆ ನಿಂತಿದ್ದರೆ, ಆಟ ಶುರುವಾಗುವ ಮೊದಲು ಸಂಘಟಕರ ಹತ್ತಿರ ಬದಲಿಸಲು ಕೇಳಬಹುದು. ಸೋತ ಮೇಲೆ ಅದೇ ಮಾತು ಎತ್ತಿದರೆ ಕುಂಟುನೆಪದ ಹಾಗೆ ಕೇಳಿಸುತ್ತದೆ.

ಪಕ್ಷಪಾತ ಇಲ್ಲವೇ ಇಲ್ಲ ಅಂತ ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ಜನ ಅದನ್ನು ಹುಡುಕುವ ಜಾಗ ತಪ್ಪು. ಟಚ್, ಬೋನಸ್‌ಗಳಲ್ಲಿ ಆಗುವ ತಪ್ಪು ಬಹುಪಾಲು ನಿಂತ ಜಾಗದ ತಪ್ಪು. ಬೋನಸ್ ಆಗಬೇಕಾದರೆ ಎದುರಿಗೆ ಕನಿಷ್ಠ ಆರು ಜನ ಇರಬೇಕು, ಮುಂದಿನ ಕಾಲು ಗೆರೆ ದಾಟಿ ಊರಿದಾಗ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಗೆರೆಯ ನೇರಕ್ಕೆ ನಿಂತವರಿಗೆ ಮಾತ್ರ ಇದು ಕಾಣುವ ಸಂಗತಿ. ಶಾಮಿಯಾನದ ಕೆಳಗೆ ಕೂತವರಿಗೆ ಓರೆಯಲ್ಲಿ ಗೆರೆಗೂ ಹಿಮ್ಮಡಿಗೂ ನಡುವಿನ ನಾಲ್ಕು ಬೆರಳು ಜಾಗ ಕಾಣಿಸುವುದೇ ಇಲ್ಲ. ನಿಯಮದಲ್ಲಿ ಒಬ್ಬ ರೆಫರಿ, ಇಬ್ಬರು ಅಂಪೈರ್, ಸ್ಕೋರರ್ ಜೊತೆಗೆ ಇಬ್ಬರು ಸಹಾಯಕ ಸ್ಕೋರರ್ ಇರಬೇಕು. ಹೋಬಳಿಯಲ್ಲಿ ಆ ಸಹಾಯಕರು ಸಿಗುವುದೇ ಅಪರೂಪ, ಸಿಕ್ಕರೆ ಒಂಬತ್ತನೇ ಕ್ಲಾಸಿನ ಹುಡುಗ. ನಿಜವಾದ ಪಕ್ಷಪಾತ ಇದ್ದರೆ ಅದು ಗಡಿಯಾರದಲ್ಲಿ ಕಾಣುತ್ತದೆ: ರೈಡಿನ 30 ಸೆಕೆಂಡ್ ಒಬ್ಬರಿಗೆ 25ಕ್ಕೆ ಮುಗಿಯುತ್ತದೆ, ಇನ್ನೊಬ್ಬರಿಗೆ 35ರವರೆಗೂ ಎಳೆಯುತ್ತದೆ. ಬೆಂಚಿನಲ್ಲಿರುವ ಐವರಲ್ಲಿ ಒಬ್ಬಳಿಗೆ ವಾಚು ಕೊಟ್ಟು ಅದೊಂದನ್ನೇ ನೋಡಲು ಹೇಳು.

ಈಗ ನಮ್ಮಂಥ ನೋಡುವವರ ವಿಷಯ. ಕಬಡ್ಡಿಯಲ್ಲಿ ಅಂಪೈರ್ ಕಣ್ಣಿನಷ್ಟೇ ಕಿವಿಯಿಂದಲೂ ತೀರ್ಪು ಕೊಡಬೇಕು. ಎದುರಾಳಿಗಳ ಅಂಕಣ ಮುಟ್ಟುವ ಮೊದಲೇ ‘ಕಬಡ್ಡಿ ಕಬಡ್ಡಿ’ ಶುರುವಾಗಿರಬೇಕು. ತಡವಾದರೆ ರೈಡು ಹೋಯಿತು, ಎದುರಿಗೆ ಒಂದು ಪಾಯಿಂಟು. ನಡುವೆ ನಿಂತರೆ ಔಟು. ಇದನ್ನು ಹಿಡಿಯಲು ಅಂಪೈರಿಗೆ ಇರುವುದು ಬರೀ ಕಿವಿ. ನಾವು ಮಾಡುವುದೇನು? ಮೈಕ್ ಸೆಟ್ಟಿನ ಹಾರ್ನ್ ಅಂಕಣದ ಕಡೆಗೇ ತಿರುಗಿಸಿ ಕಾಮೆಂಟರಿ, ಹಿಂದೆ ತಮಟೆ, ಮಕ್ಕಳ ಕೈಯಲ್ಲಿ ಪೀಪಿ. ಹತ್ತು ರೂಪಾಯಿಯ ಪೀಪಿಯ ಸದ್ದಿಗೂ ಅಂಪೈರಿನ ವಿಶಲ್ಲಿಗೂ ಅಂಥ ವ್ಯತ್ಯಾಸವಿಲ್ಲ. ಕಾಲು ಹಿಡಿಸಿಕೊಂಡು ನಡುಗೆರೆಯತ್ತ ಕೈ ಚಾಚಿದ ಹುಡುಗಿ, ವಿಶಲ್ ಆಯಿತು ಅಂದುಕೊಂಡು ಮೈ ಸಡಿಲ ಬಿಡುತ್ತಾಳೆ. ಗೆರೆ ಒಂದು ಬೆರಳಿನಷ್ಟು ದೂರ ಇರುತ್ತದೆ. ಎರಡು ಕ್ಷಣ ಬಿಟ್ಟು ನಿಜವಾದ ವಿಶಲ್ ಬೀಳುತ್ತದೆ: ಔಟ್. ಆಗ ಬೈಗುಳ ತಿನ್ನುವವರು ಯಾರು? ಅದೇ ಅಂಪೈರ್. ಪೀಪಿ ಊದಿದ ಪುಣ್ಯಾತ್ಮ ಎಲ್ಲರಿಗಿಂತ ಜೋರಾಗಿ ಬೈಯುತ್ತಿರುತ್ತಾನೆ! ಪೀಪಿ, ತಮಟೆ ನಿಲ್ಲಿಸಿ, ಹಾರ್ನನ್ನು ಹೊರಗಡೆಗೆ ತಿರುಗಿಸಿ ಅಂತ ರೆಫರಿಯ ಮೂಲಕ ಹೇಳಿಸು. ನಿಮ್ಮ ಶಾಲೆಯವರ ಪೀಪಿಯನ್ನು ಮೊದಲು ಕಿತ್ತುಕೋ.

ಅಂಕಣದ ಹೊರಗಿನಿಂದ ಕೋಚ್ ಅಥವಾ ಆಟಗಾರರು ಆಡುವುದು ಹೇಗೆ ಅಂತ ಹೇಳಿಕೊಡುವುದು ಫೌಲ್. ಅಪ್ಪ ಅಮ್ಮಂದಿರ ಬಗ್ಗೆ ನಿಯಮ ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಒಳಗಡೆ ನಿನ್ನವರ ಕೈಬೆರಳು ಕಾಯುವುದು ನಿನ್ನ ಕೆಲಸ. ಹಿಡಿದ ತಕ್ಷಣ ಬೆರಳು ತೋರಿಸಿ ‘ಔಟ್ ಔಟ್’ ಅಂತ ತೀರ್ಪು ಕೇಳುವುದು ಫೌಲ್. ಅಂಪೈರ್ ಜೊತೆ ಮತ್ತೆ ಮತ್ತೆ ವಾದಕ್ಕೆ ಇಳಿಯುವುದೂ ಫೌಲ್. ಕೂದಲು ಅಥವಾ ಬಟ್ಟೆ ಜಗ್ಗುವುದು, ಬಾಯಿ ಮುಚ್ಚುವುದು, ಎರಡು ಕಾಲಲ್ಲಿ ಕತ್ತರಿ ಹಾಕುವುದು ನಿನಗೆ ಗೊತ್ತೇ ಇದೆ. ಹಸಿರು ಕಾರ್ಡು ಎಚ್ಚರಿಕೆ, ಹಳದಿ 2 ನಿಮಿಷ ಹೊರಗೆ, ಕೆಂಪು ಇಡೀ ಆಟಕ್ಕೆ ಹೊರಗೆ. 2 ನಿಮಿಷ ಅಂದರೆ ಕಡಿಮೆಯೆಂದರೂ ನಾಲ್ಕು ರೈಡು, ಒಬ್ಬಳು ಕಮ್ಮಿ.

ತೀರ್ಪು ತಪ್ಪು ಅನ್ನಿಸಿದರೆ ಆ ಕ್ಷಣಕ್ಕೇ ಓಡಬೇಡ. ಮುಂದಿನ ರೈಡರನ್ನು 5 ಸೆಕೆಂಡಿನೊಳಗೆ ಕಳಿಸಬೇಕು, ವಾದ ಮಾಡುತ್ತಾ ನಿಂತರೆ ಅದೂ ಕೈಬಿಡುತ್ತದೆ. ಅರ್ಧಕ್ಕೆ ಎರಡು ಟೈಮ್ ಔಟ್, ತಲಾ 30 ಸೆಕೆಂಡ್. ಒಂದನ್ನು ತೆಗೆದುಕೊಂಡು ರೆಫರಿ ಹತ್ತಿರ ಹೋಗಿ, ‘ಸಾರ್, ಔಟ್ ಅಲ್ಲ’ ಅನ್ನಬೇಡ. ‘ಸಾರ್, ಯಾವುದಕ್ಕೆ ಔಟ್ ಕೊಟ್ಟಿದ್ದು, ಲಾಬಿಗಾ, ಟಚ್ಚಿಗಾ?’ ಅಂತ ಕೇಳು. ಅಂಪೈರಿಬ್ಬರ ಮಾತು ಬೇರೆ ಬೇರೆ ಆದರೆ ತೀರ್ಮಾನ ರೆಫರಿಯದ್ದು. ‘ಔಟ್ ಅಲ್ಲ’ ಅಂದವರಿಗೆ ಅವರು ಬೆನ್ನು ತಿರುಗಿಸಬಹುದು, ಕಾರಣ ಕೇಳಿದವರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಸ್ಕೋರ್ ಬರೆಯುವ ಮೇಜಿನಲ್ಲಿ ಆಗುವ ತಪ್ಪು ಎರಡೇ. ಎದುರಿನವರೆಲ್ಲ ಔಟಾದಾಗ ಸಿಗುವ ಲೋನಾದ 2 ಪಾಯಿಂಟ್ ಬಿಟ್ಟುಹೋಗುವುದು ಒಂದು. ಇನ್ನೊಂದು, ಬೋನಸ್‌ಗೂ ಒಬ್ಬಳನ್ನು ಒಳಗೆ ಕರೆಯುವುದು. ಬೋನಸ್‌ಗೆ ಪಾಯಿಂಟ್ ಉಂಟು, ಔಟಾದವರಿಗೆ ಮರುಜೀವ ಇಲ್ಲ. ಔಟಾದ ಸಾಲಿನಲ್ಲೇ ಕೂರಿಸು, ಮೊದಲು ಹೋದವಳು ಮೊದಲು ಬರಲಿ.

ಹೊರಗಿನಿಂದ ಯಾರಾದರೂ ನಿಮ್ಮ ಚಡ್ಡಿ, ಮೈ ಬಗ್ಗೆ ಮಾತು ಹಾಕಿದರೆ ಅದನ್ನು ನುಂಗಿಕೊಂಡು ಆಡಬೇಡಿ. ಆಗಲೂ ಟೈಮ್ ಔಟ್ ತಗೋ. ಯಾವ ಕಡೆ, ಯಾವ ಬಣ್ಣದ ಅಂಗಿ ಅಂತ ರೆಫರಿಗೆ ನೇರ ಹೇಳು. ಅವನನ್ನು ಮೈದಾನದಿಂದ ಆಚೆ ಕಳಿಸುವವರೆಗೂ ರೈಡರನ್ನು ಕಳಿಸುವುದಿಲ್ಲ ಅನ್ನು. ಅದಕ್ಕೆ ಒಂದು ಪಾಯಿಂಟ್ ಹೋದರೆ ಹೋಗಲಿ.

ನಾನು ಬೋನಸ್ ಲೈನಿನ ನೇರಕ್ಕೆ, ಹಗ್ಗದ ಆಚೆ ನಿಂತಿರುತ್ತೇನೆ, ಬಾಯಿ ಮುಚ್ಚಿಕೊಂಡು.

ಅಮ್ಮ

ಮರೆತೆ: ಟೇಪಿನ ತುದಿಯ ಕೊಕ್ಕೆ ಸಡಿಲವಾಗಿದೆ, ಅರ್ಧ ಬೆರಳು ಆಚೀಚೆ ಆಡುತ್ತದೆ. ಸೊನ್ನೆಯಿಂದ ಹಿಡಿಯದೆ 1 ಮೀಟರಿನ ಗುರುತಿನಿಂದ ಹಿಡಿಯಲು ಮೇಷ್ಟ್ರಿಗೆ ಹೇಳು. ಆಗ ಓರೆ ಅಳತೆ 11 ಬರಬೇಕು.