ಇನ್‌ಸ್ಟಾಲ್ ಬೇರೆ, ಸೆಟ್ಟಿಂಗ್ ಬೇರೆ: ಸರ್ವರ್ ನಿರ್ವಹಣೆಯಲ್ಲಿ ಒಂದು ಬದಲಾವಣೆ

ಮಾನ್ಯ ಗ್ರಾಹಕರೇ,

ಹೋದ ತಿಂಗಳು ನಿಮ್ಮಲ್ಲೊಬ್ಬರ ಅಂಗಡಿಯಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಿಲ್ಲಿಂಗ್ ನಿಂತುಹೋಗಿತ್ತು. ತಪ್ಪು ನಮ್ಮದೇ. ಹಿಂದಿನ ರಾತ್ರಿ ಅವರ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಸರ್ವರಿನಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ಅಪ್‌ಡೇಟ್ ಮಾಡುವಾಗ, ಸೆಟ್ಟಿಂಗ್ ಫೈಲ್ ಹಳೆಯದೇ ಇರಲಿಯೇ, ಹೊಸದನ್ನು ಹಾಕಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಸುಮ್ಮನೆ ಎಂಟರ್ ಒತ್ತಿದ್ದರೂ ಹಳೆಯದು ಉಳಿಯುತ್ತಿತ್ತು. ನಿದ್ದೆಗಣ್ಣಿನಲ್ಲಿದ್ದ ನಮ್ಮ ಹುಡುಗ 'ವೈ' ಒತ್ತಿದ. ಹೊಸ ಫೈಲಿನಲ್ಲಿ ಬೈಂಡ್-ಅಡ್ರೆಸ್ ಎಂಬ ಸಾಲಿನ ಮುಂದೆ 127.0.0.1 ಎಂದಿತ್ತು. ಹಾಗಿದ್ದರೆ ಡೇಟಾಬೇಸ್ ತಾನಿರುವ ಯಂತ್ರಕ್ಕಷ್ಟೇ ಓಗೊಡುತ್ತದೆ. ಕೌಂಟರಿನ ಕಂಪ್ಯೂಟರ್ ಎಷ್ಟು ಬಾಗಿಲು ಬಡಿದರೂ ತೆರೆಯುವುದಿಲ್ಲ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ನಡುರಾತ್ರಿಯಲ್ಲಿ ಅಂಥ ಪ್ರಶ್ನೆ ಎದುರಾಗುವಂತೆ ಕೆಲಸ ಜೋಡಿಸಿದವರು ನಾವು. ಡೆಬಿಯನ್ನಿನಲ್ಲಿ ಪ್ಯಾಕೇಜನ್ನು (ತಂತ್ರಾಂಶದ ಕಟ್ಟನ್ನು) ಬಿಚ್ಚಿ ಫೈಲುಗಳನ್ನು ಜಾಗದಲ್ಲಿಡುವುದು ಒಂದು ಹಂತ, ಕಾನ್ಫಿಗರ್ ಮಾಡುವುದು, ಅಂದರೆ ಓಡಲು ಸಜ್ಜುಗೊಳಿಸುವುದು, ಇನ್ನೊಂದು. ಆದರೆ ಇನ್‌ಸ್ಟಾಲ್ ಮಾಡುವ ಏಪಿಟಿ ಎಂಬ ಸಾಧನ ಎರಡನ್ನೂ ಒಂದೇ ಉಸಿರಿಗೆ ಮುಗಿಸುತ್ತದೆ. ಹೊಸ ಸೇವೆಯಾದರೆ (ಹಿನ್ನೆಲೆಯಲ್ಲಿ ಸದಾ ಓಡುವ ತಂತ್ರಾಂಶ) ನಾವು ಒಂದಕ್ಷರ ತಿದ್ದುವ ಮೊದಲೇ ಓಡತೊಡಗುತ್ತದೆ. (ರೆಡ್ ಹ್ಯಾಟ್ ಎಂಬ ಇನ್ನೊಂದು ಲಿನಕ್ಸ್ ಕಡೆ ಸಾಮಾನ್ಯವಾಗಿ ಹೀಗಿಲ್ಲ. ಈ ಒಂದು ವಿಷಯದಲ್ಲಿ ಅವರದೇ ಸರಿ ಎನಿಸುತ್ತದೆ.)

ಬರುವ ತಿಂಗಳ 1ರಿಂದ ಇನ್‌ಸ್ಟಾಲ್, ಸೆಟ್ಟಿಂಗ್ ಇವೆರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಮಾಡುತ್ತೇವೆ. ಅಪ್‌ಡೇಟ್ ಎಂದಿನಂತೆ ರಾತ್ರಿಯೇ. ಅದು ಪ್ರಶ್ನೆ ಕೇಳುವುದಿಲ್ಲ. ನಾವು ತಿದ್ದಿದ ಸೆಟ್ಟಿಂಗ್ ಫೈಲ್ ಇದ್ದಂತೆಯೇ ಇರುತ್ತದೆ, ಪ್ಯಾಕೇಜಿನ ಹೊಸ ಫೈಲ್ 'ಡಿಪಿಕೆಜಿ-ಡಿಸ್ಟ್' ಎಂಬ ಬಾಲ ಅಂಟಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಹಗಲಿನಲ್ಲಿ ಎರಡನ್ನೂ ಹೋಲಿಸಿ, ಬದಲಿಸಬೇಕಾದದ್ದಿದ್ದರೆ ತಿಳಿಸಿ, ನೀವು ಒಪ್ಪಿದ ಹೊತ್ತಿಗೆ ಬದಲಿಸುತ್ತೇವೆ. ಮರಿಯಾಡಿಬಿಗೆ ಬೇಕಾದ ನಮ್ಮ ಸಾಲುಗಳನ್ನು ಇನ್ನು ಮೂಲ ಫೈಲಿಗೆ ತುರುಕುವುದಿಲ್ಲ, 99ರಿಂದ ಶುರುವಾಗುವ ಹೆಸರಿನ ಪ್ರತ್ಯೇಕ ಫೈಲಿನಲ್ಲಿ ಬರೆಯುತ್ತೇವೆ. ಕೊನೆಯಲ್ಲಿ ಓದುವುದು ಅದನ್ನಾದ್ದರಿಂದ ಅದರ ಮಾತೇ ನಡೆಯುತ್ತದೆ.

ಹೊಸ ಸೇವೆ ಇನ್‌ಸ್ಟಾಲ್ ಆದ ದಿನವೇ ಓಡುವುದಿಲ್ಲ. ಪಾಲಿಸಿ-ಆರ್‌ಸಿ.ಡಿ ಎಂಬ ಪುಟ್ಟ ಸ್ಕ್ರಿಪ್ಟ್ 101 (ಅನುಮತಿ ಇಲ್ಲ) ಎಂದು ಉತ್ತರಿಸಿ ಅದನ್ನು ತಡೆದಿರುತ್ತದೆ. 'ಹಾಕಿದ್ದೀರಿ, ನಡೆಯುತ್ತಿಲ್ಲವಲ್ಲ' ಎಂದು ಗಾಬರಿಯಾಗಬೇಡಿ. ಸೆಟ್ಟಿಂಗ್ ಮುಗಿಸಿದ ಮೇಲೆ ನಾವೇ ಚಾಲೂ ಮಾಡಿ ಫೋನ್ ಮಾಡುತ್ತೇವೆ. ಇದರಿಂದ ಕೆಲವು ಕೆಲಸ ಒಂದು ದಿನ ತಡವಾಗಬಹುದು, ಅದನ್ನು ಮುಚ್ಚಿಡುವುದಿಲ್ಲ. ಭದ್ರತೆಯ ಅಪ್‌ಡೇಟ್ ಮಾತ್ರ ಕಾಯುವುದಿಲ್ಲ.

ಶುಲ್ಕದಲ್ಲಿ ಬದಲಾವಣೆ ಇಲ್ಲ. ಸೆಟ್ಟಿಂಗ್ ಫೈಲುಗಳಿರುವ 'ಇಟಿಸಿ' ಫೋಲ್ಡರಿನಲ್ಲಿ ನೀವಾಗಿ ಏನಾದರೂ ತಿದ್ದಿದ್ದರೆ ಈ ತಿಂಗಳ 25ರೊಳಗೆ ತಿಳಿಸಿ. ಅದನ್ನೂ ಪ್ರತ್ಯೇಕ ಫೈಲಿಗೆ ಸೇರಿಸಿಕೊಳ್ಳುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸರ್ವರ್ ನಿರ್ವಹಣಾ ತಂಡ