ಗರುಡಗಂಬದ ಮುಂದೆ ಮಕ್ಕಳನ್ನು ಹತ್ತು ನಿಮಿಷ ನಿಲ್ಲಿಸಿ

ಮಾನ್ಯ ಸಂಪಾದಕರೇ,

ನಾನು ಹಾಸನದವನು. ಹದಿನೆಂಟು ವರ್ಷದಿಂದ ಟೂರಿಸ್ಟ್ ಬಸ್ ಓಡಿಸುತ್ತಿದ್ದೇನೆ. ಡಿಸೆಂಬರ್ ಬಂತೆಂದರೆ ಶಾಲೆ ಮಕ್ಕಳ ಟ್ರಿಪ್ಪೇ ಜಾಸ್ತಿ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಶ್ರವಣಬೆಳಗೊಳ.

ಕಳೆದ ವಾರ ಹಳೇಬೀಡಿನಲ್ಲಿ ಮಕ್ಕಳ ಹಿಂದೆ ನಾನೂ ಒಳಗೆ ಹೋಗಿದ್ದೆ. ಹೊಯ್ಸಳೇಶ್ವರ ದೇವಸ್ಥಾನದ ದಕ್ಷಿಣದ ಕಡೆ ಗರುಡಗಂಬ ಇದೆಯಲ್ವಾ, ಅಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಿಂತುಬಿಟ್ಟಳು. ಕಂಬದ ಸುತ್ತ ಪುಟ್ಟ ಪುಟ್ಟ ವೀರರ ಕೆತ್ತನೆ. ಕತ್ತಿ ಹಿಡಿದಿದ್ದಾರೆ, ಆದರೆ ಎದುರಿಗೆ ಶತ್ರು ಇಲ್ಲ. "ಇವನ್ಯಾಕೆ ತನ್ನ ತಲೆ ತಾನೇ ಕಡ್ಕೊಳ್ತಿದ್ದಾನೆ?" ಎಂದು ಕೇಳಿದಳು. ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದವರು, "ಅದು ಆಗಿನ ಕಾಲದ ಶಿಕ್ಷೆ, ಬಾ, ಲೇಟಾಯ್ತು" ಎಂದು ಕೈಹಿಡಿದು ಎಳೆದುಕೊಂಡು ಹೋದರು.

ನನಗೆ ತುಂಬ ಸಂಕಟವಾಯಿತು. ಅದು ಶಿಕ್ಷೆ ಅಲ್ಲ. ಕೊಟ್ಟ ಮಾತು.

ಹಿಂದೊಮ್ಮೆ ಹಳೆಗನ್ನಡ ಬಲ್ಲ ಮೇಷ್ಟ್ರೊಬ್ಬರು ಅದೇ ಕಂಬದ ಹತ್ತಿರ ನನಗೆ ವಿಷಯ ಬಿಡಿಸಿ ಹೇಳಿದ್ದರು. ಅಲ್ಲಿರುವ ಶಾಸನ ಕುವರ ಲಕ್ಷ್ಮನದು. ಇಮ್ಮಡಿ ವೀರಬಲ್ಲಾಳನ ಮಂತ್ರಿ, ದಂಡನಾಯಕ. ಅರಸ ಅವನನ್ನು ಮಗನ ಹಾಗೆ ನೋಡಿಕೊಂಡಿದ್ದನಂತೆ. ಲಕ್ಷ್ಮ ಗರುಡನಾಗಿದ್ದ. ಗರುಡ ಎಂದರೆ ಒಡೆಯ ಇರುವ ತನಕ ಅವನ ಮೈಗಾವಲು, ಒಡೆಯ ಹೋದರೆ ತಾನೂ ಹೋಗುತ್ತೇನೆ ಎಂದು ಭಾಷೆ ಕೊಟ್ಟವನು. ಆ ಭಾಷೆಯ ಗುರುತಾಗಿ ಎಡಗಾಲಿಗೆ ತೊಡರು, ಅಂದರೆ ಕಾಲ್ಬಳೆ, ಹಾಕಿದ್ದ. ಬಲ್ಲಾಳ 1173ರಿಂದ 1220ರವರೆಗೆ ಆಳಿದ. ಅವನು ತೀರಿಕೊಂಡಾಗ ಲಕ್ಷ್ಮ ಆಡಿದಂತೆ ನಡೆದ. ಹೆಂಡತಿ ಸುಗ್ಗಲದೇವಿಯೂ ಜೊತೆಗೆ ಹೋದಳು. ಸಾವಿರ ಮಂದಿ ವೀರರೂ ಹೋದರು.

ನನ್ನ ಬಸ್ಸಿಗೆ ಐವತ್ತು ಸೀಟು. ಸಾವಿರ ಜನ ಎಂದರೆ ಇಪ್ಪತ್ತು ಬಸ್ಸು. ಪಾರ್ಕಿಂಗಿನಲ್ಲಿ ಸಾಲಾಗಿ ನಿಂತ ಬಸ್ಸುಗಳನ್ನು ನೋಡಿದಾಗಲೆಲ್ಲ ಈ ಲೆಕ್ಕ ತಲೆಗೆ ಬರುತ್ತದೆ. ಅಷ್ಟೂ ಜನಕ್ಕೆ ಅಮ್ಮಂದಿರು ಇದ್ದಿರಬೇಕಲ್ವಾ? ಪ್ರಾಣ ಕೊಟ್ಟದ್ದನ್ನು ಮಕ್ಕಳ ಮುಂದೆ ಹೊಗಳಿ ಎಂದು ನಾನು ಕೇಳುವುದಿಲ್ಲ, ನನಗೇ ಅದು ಒಪ್ಪಿಗೆಯಿಲ್ಲ. ಒಬ್ಬ ಅರಸನ ಸಾವಿಗೆ ಇಷ್ಟು ಮನೆಗಳ ದೀಪ ಯಾಕೆ ಆರಬೇಕಿತ್ತು? ಆದರೂ ಲಕ್ಷ್ಮನ ಹೆಸರು ಹೇಳದೆ, ಸುಮ್ನೆ ಶಿಕ್ಷೆ ಎಂದು ಸುಳ್ಳು ಹೇಳಿ ಮಗುವಿನ ಬಾಯಿ ಮುಚ್ಚಿಸುವುದು ಅವನಿಗೆ ಮಾಡುವ ಅನ್ಯಾಯ. ಆ ಹುಡುಗಿಗೂ ಅನ್ಯಾಯ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದವು. ನಮಗೆಲ್ಲ ಹೆಮ್ಮೆಯಾಯಿತು. ಗೋಡೆಯ ಆನೆ ಸಾಲು, ನಂದಿ, ಶಿಲ್ಪಗಳನ್ನು ಎಲ್ಲರೂ ಚೆನ್ನಾಗಿ ತೋರಿಸುತ್ತಾರೆ. ದೇವರ ಕಥೆಗಳೂ ಮಕ್ಕಳಿಗೆ ಬೇಕು. ಆದರೆ ಈ ಕಂಬದಲ್ಲಿರುವುದು ನಮ್ಮ ಹಾಗೆ ಉಂಡು ಮಲಗಿದ್ದ ಮನುಷ್ಯರ ಕಥೆ. ಅದೂ ಕನ್ನಡದಲ್ಲೇ ಬರೆದದ್ದು. ಅದನ್ನು ಇವತ್ತಿನ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರವಾಸಕ್ಕೆ ಬರುವ ಶಾಲೆಗಳಿಗೆ ಮೊದಲೇ ಕೊಟ್ಟರೆ ಎಷ್ಟು ಖರ್ಚಾದೀತು? ಬಲ್ಲವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ.

ಆ ದಿನ ಹಾಸನದಲ್ಲಿ ಟೀಗೆ ನಿಲ್ಲಿಸಿದಾಗ ಹುಡುಗಿಯನ್ನು ಕರೆದು ನನಗೆ ತಿಳಿದಷ್ಟು ಹೇಳಿದೆ. ಕಣ್ಣು ಬಿಟ್ಟುಕೊಂಡು ಕೇಳಿದಳು. ಜನವರಿಯಲ್ಲಿ ಇನ್ನೂ ಆರು ಶಾಲೆಗಳ ಟ್ರಿಪ್ ಇದೆ. ಹಳೇಬೀಡಿನಿಂದ ಬಸ್ಸನ್ನು ಹತ್ತು ನಿಮಿಷ ತಡವಾಗಿ ಬಿಡುತ್ತೇನೆ. ಶಿಕ್ಷಕರು ದಯವಿಟ್ಟು ಆ ಹತ್ತು ನಿಮಿಷವನ್ನು ಕಂಬದ ಹತ್ತಿರ ಕಳೆಯಲಿ.

— ಒಬ್ಬ ಬಸ್ ಚಾಲಕ, ಹಾಸನ