ಕೆಟ್ಟಿರುವುದು ಸ್ವಿಚ್, ನನ್ನ ತಿಳುವಳಿಕೆಯಲ್ಲ

ಸೇವಾ ಕೇಂದ್ರದ ವ್ಯವಸ್ಥಾಪಕರಿಗೆ,

ವಿಷಯ: ಬೇಸ್ ಗಿಟಾರ್ ಆಂಪ್ಲಿಫೈಯರ್‌ನ ಮುಂಭಾಗದ ಸ್ವಿಚ್ ಕೆಟ್ಟಿರುವುದು, ವಾರಂಟಿ ಇದ್ದೂ ಶುಲ್ಕ ವಸೂಲಿ ಮಾಡಿರುವುದು.

ಮಾನ್ಯರೇ,

ಆರು ಬಾರಿ ಫೋನ್ ಮಾಡಿದೆ. ಆರು ಬಾರಿಯೂ "ನೋಡಿ ಹೇಳುತ್ತೇವೆ" ಎಂದಿರಿ. ನೋಡಲೂ ಇಲ್ಲ, ಹೇಳಲೂ ಇಲ್ಲ.

ದೋಷ ಸಣ್ಣದು. ನನ್ನ ಗಿಟಾರಿನೊಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಇದೆ, ಸಿಗ್ನಲ್ ಜೋರಾಗಿಯೇ ಬರುತ್ತದೆ. ಅಂಥ ವಾದ್ಯಗಳಿಗೆಂದೇ ಇನ್‌ಪುಟ್ ಪಕ್ಕದಲ್ಲಿ 'ಆ್ಯಕ್ಟಿವ್' ಸ್ವಿಚ್ ಕೊಟ್ಟಿದ್ದೀರಿ. ಅದನ್ನು ಒತ್ತಿದರೆ ಸಿಗ್ನಲ್ ತಗ್ಗಬೇಕು. ನನ್ನದರಲ್ಲಿ ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಳಬರುವ ಸಿಗ್ನಲ್ ಏರಿಸುವ ಗೇನ್ ಗುಂಡಿ ಕಾಲು ಸುತ್ತು ತಿರುಗುವ ಮೊದಲೇ, ಸಿಗ್ನಲ್ ಮಿತಿಮೀರಿತೆಂದು ಹೇಳುವ ಕ್ಲಿಪ್‌ನ ಕೆಂಪು ದೀಪ ಹತ್ತುತ್ತದೆ, ನುಡಿಸುವಷ್ಟು ಹೊತ್ತೂ ಆರುವುದಿಲ್ಲ. ಸ್ವರ ಹರಿದ ತಮಟೆಯಂತೆ ಕೇಳುತ್ತದೆ. ಟ್ರೆಬಲ್ ಗುಂಡಿಯ ಕರಕರ ಸದ್ದನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಕಳೆದ ಮಂಗಳವಾರ ಹದಿನೆಂಟು ಕಿಲೋ ಹೊತ್ತು ನಿಮ್ಮ ಕೌಂಟರಿಗೆ ತಂದೆ. ನಿಮ್ಮ ತಂತ್ರಜ್ಞರು ಮೊದಲು ಕೇಳಿದ್ದು, "ಇದರಲ್ಲಿ ವಾಲ್ಯೂಮ್ ಯಾವುದು, ತೋರಿಸಿ." ತೋರಿಸಿದೆ. "ಗೇನ್ ಯಾವುದು?" ಅದನ್ನೂ ತೋರಿಸಿದೆ. ಇಪ್ಪತ್ತೆರಡು ವರ್ಷಗಳಿಂದ ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುತ್ತಿರುವವನು ಬೆರಳಿಟ್ಟು ಒಂದೊಂದೇ ಗುಂಡಿಯ ಹೆಸರು ಹೇಳಿದೆ, ಮಗ್ಗಿ ಒಪ್ಪಿಸಿದಂತೆ. ಕೀಬೋರ್ಡ್ ಕೊಳ್ಳಲು ಬಂದಿದ್ದ ಹುಡುಗನೊಬ್ಬ ತಾಯಿಯನ್ನು ಕೇಳಿದ: "ಅಮ್ಮಾ, ಆ ಅಂಕಲ್‌ಗೆ ಇದು ಬರುವುದಿಲ್ಲವೇ?"

ಆಮೇಲೆ ಅಂಗಡಿಯದೇ ಒಂದು ಗಿಟಾರ್ ತಂದು ಜೋಡಿಸಿದರು. "ನೋಡಿ, ದೀಪ ಹತ್ತುತ್ತಿಲ್ಲ." ಹೇಗೆ ಹತ್ತೀತು? ಅದಕ್ಕೆ ಬ್ಯಾಟರಿಯೇ ಇರಲಿಲ್ಲ. ಇದು ಪ್ಯಾಸಿವ್ ಗಿಟಾರ್ ಎಂದೆ. "ಹಾಗೆಂದರೆ?" ಎಂದರು. ಹೋಗಲಿ, ಅದರಲ್ಲೇ ಒಮ್ಮೆ ಸ್ವಿಚ್ ಒತ್ತಿದ್ದರೂ ಸದ್ದು ತಗ್ಗದಿರುವುದು ಕಿವಿಗೆ ಬೀಳುತ್ತಿತ್ತು. ಒತ್ತಲಿಲ್ಲ. ಬದಲಿಗೆ ಬಿಳಿ ಅಂಟುಪಟ್ಟಿಯ ತುಂಡೊಂದನ್ನು ಗೇನ್ ಪಕ್ಕ ಅಂಟಿಸಿ, ಅದರ ಮೇಲೆ ಬಾಲ್‌ಪೆನ್ನಿನಲ್ಲಿ "ಇಲ್ಲಿಗೆ ನಿಲ್ಲಿಸಿ" ಎಂದು ಬರೆದು ಬಾಣವನ್ನೂ ಎಳೆದರು. ಬಾಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಜಾಬ್ ಶೀಟಿನಲ್ಲಿ ಬರೆದದ್ದು: "ದೋಷವಿಲ್ಲ. ಬಳಕೆದಾರರಿಗೆ ತಿಳುವಳಿಕೆ ನೀಡಲಾಗಿದೆ." ಈ ತಿಳುವಳಿಕೆಯ ಬೆಲೆ 500 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 590. ವಾರಂಟಿ ಮುಗಿಯಲು ಇನ್ನೂ ಐದು ತಿಂಗಳಿದೆ. ಆ ಅವಧಿಯಲ್ಲಿ ತಪಾಸಣೆ ಉಚಿತ ಎಂದು ನಿಮ್ಮದೇ ವಾರಂಟಿ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿದೆ. ನಿಮಗೆ ಗೊತ್ತಿಲ್ಲದ್ದೇನಲ್ಲ.

ಗಣೇಶನ ಹಬ್ಬದ ಕಾರ್ಯಕ್ರಮಗಳಿಗೆ ಮುಂಗಡ ಪಡೆದಾಗಿದೆ. ಬಾಡಿಗೆ ಆಂಪ್ಲಿಫೈಯರ್ ತಂದು ನುಡಿಸಬೇಕಾಗಿದೆ.

ಸ್ವಿಚ್ ಬದಲಿಸಿ, 590 ರೂಪಾಯಿ ಹಿಂದಿರುಗಿಸಿ. ಒಂದು ವಾರ ಕಾಯುತ್ತೇನೆ. ಆಮೇಲೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ, ಅಲ್ಲಿಂದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅದಕ್ಕೂ ಮೊದಲು, ಶನಿವಾರ ಸಂಜೆ ಅಂಗಡಿ ತುಂಬಿರುವ ಹೊತ್ತಿಗೆ, ಇದೇ ಆಂಪ್ಲಿಫೈಯರನ್ನು ನಿಮ್ಮ ಗಾಜಿನ ಕಪಾಟಿನ ಎದುರಿಟ್ಟು ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟುತ್ತೇನೆ. 41 ಹರ್ಟ್ಸ್‌ನ ತಗ್ಗು ಸ್ವರ. ಗಾಜು ಏನೆನ್ನುತ್ತದೋ ಕೇಳೋಣ. ಅಂಟುಪಟ್ಟಿಯನ್ನು ಕಿತ್ತಿಲ್ಲ, ಸಾಕ್ಷಿಗೆ ಬೇಕು.

ಇತಿ,
ತಿಳುವಳಿಕೆ ಪಡೆದ ಬಳಕೆದಾರ